ಪರನಾಡಿನ ನಗೆ

ಅನ್ಯದೇಶಕ್ಕೆ ಹೋದವನಿಗೆ ಅಲ್ಲಿಯ ಅಳು ಮೊದಲ ದಿನವೇ ಅರ್ಥವಾಗುವುದು. ಅಲ್ಲಿಯ ನಗೆ ಹತ್ತು ವರ್ಷ ಕಳೆದರೂ ಅರ್ಥವಾಗದೆ ಉಳಿಯಬಹುದು. ಸಾವಿನ ಮನೆಯ ಮುಂದೆ ಹಾದುಹೋಗುವಾಗ ಭಾಷೆ ತಿಳಿಯದವನು ಕೂಡ ಹೆಜ್ಜೆಯನ್ನು ಮೆಲ್ಲಗೆ ಇಡುವನು. ಆದರೆ ಹತ್ತು ಮಂದಿ ಕುಳಿತು ನಗುತ್ತಿರುವ ಕೋಣೆಯೊಳಗೆ ಕಾಲಿಟ್ಟ ಪರಕೀಯನಿಗೆ ಮೊದಲು ಹುಟ್ಟುವುದು ಸಂದೇಹ: ಇವರು ಯಾತಕ್ಕೆ ನಗುತ್ತಿರುವರು? ನನ್ನನ್ನು ನೋಡಿಯೇ ನಕ್ಕರೋ? ನಾನೂ ನಗಬೇಕೋ, ಸುಮ್ಮನಿರಬೇಕೋ? ಇದನ್ನು ಅವನು ನಿರ್ಧರಿಸುವಷ್ಟರಲ್ಲಿ ನಗೆಯ ಹೊತ್ತು ಮುಗಿದುಹೋಗಿರುವುದು.

ಜೆರೋಮ್ ಕೆ. ಜೆರೋಮ್ ಎಂಬ ಆಂಗ್ಲ ಲೇಖಕನ ‘ತ್ರೀ ಮೆನ್ ಇನ್ ಎ ಬೋಟ್’ ಎಂಬ ಗ್ರಂಥವು ೧೮೮೯ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಔತಣಕೂಟದ ಪ್ರಸಂಗವಿದೆ. ಜರ್ಮನಿಯಲ್ಲಿ ಓದಿ ಬಂದ ಇಬ್ಬರು ತರುಣರು, ಕೂಟಕ್ಕೆ ಬಂದಿದ್ದ ಜರ್ಮನ್ ಮಹನೀಯನೊಬ್ಬನು ಬಹಳ ಹಾಸ್ಯದ ಹಾಡೊಂದನ್ನು ಹಾಡಬಲ್ಲನೆಂದೂ, ಹಾಡುವಾಗ ಮುಖವನ್ನು ಗಂಭೀರವಾಗಿಟ್ಟುಕೊಳ್ಳುವುದೇ ಅದರ ಸ್ವಾರಸ್ಯವೆಂದೂ ಎಲ್ಲರನ್ನೂ ನಂಬಿಸುವರು. ಹಾಡು ಆರಂಭವಾಗುವುದು. ಜರ್ಮನ್ ಒಂದಕ್ಷರವೂ ತಿಳಿಯದ ಅತಿಥಿಗಳು ಆ ತರುಣರ ಮುಖವನ್ನೇ ನೋಡುತ್ತ, ಅವರು ನಕ್ಕಾಗ ತಾವೂ ನಗುವರು. ಗಾಯಕನ ಕೋಪ ಹೆಚ್ಚಿದಷ್ಟೂ ಇವರ ನಗೆಯೂ ಹೆಚ್ಚುವುದು. ಹಾಡು ಮುಗಿದ ಮೇಲೆ ತಿಳಿಯುವುದೇನೆಂದರೆ, ಅದು ಕಲ್ಲನ್ನೂ ಕರಗಿಸುವ ಶೋಕಗೀತವಾಗಿತ್ತು! ಪರದೇಶದಲ್ಲಿ ವಾಸಿಸುವ ನಮ್ಮವರನ್ನು ನೋಡಿದಾಗಲೆಲ್ಲ ನನಗೆ ಆ ಅತಿಥಿಗಳ ನೆನಪು ಬರುವುದು. ಅರ್ಥವಾಗದ ನಗೆಯನ್ನು ಅರ್ಥವಾದಂತೆ ನಗುವುದು ಎಷ್ಟು ದಣಿವಿನ ಕೆಲಸವೆಂಬುದು ಹೊರಗಿನವರಿಗೆ ತಿಳಿಯದು.

ನನ್ನ ಮಗಳೂ ಅಳಿಯನೂ ೨೦೧೩ರಿಂದ ಇಂಗ್ಲೆಂಡಿನ ಉತ್ತರಭಾಗದಲ್ಲಿ, ಯಾರ್ಕ್‌ಷೈರ್ ಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ ನೆಲೆಸಿರುವರು. ಅಳಿಯನು ಆಸ್ಪತ್ರೆಯಲ್ಲಿ ವೈದ್ಯ. ನಾನೂ ನನ್ನ ಹೆಂಡತಿಯೂ ನಾಲ್ಕು ಸಲ ಅಲ್ಲಿಗೆ ಹೋಗಿ, ಒಂದೊಂದು ಸಲವೂ ಆರು ತಿಂಗಳಿಗೆ ಕೊಂಚ ಕಡಮೆಯಾಗಿ ಇದ್ದು ಬಂದಿರುವೆವು. ಅಲ್ಲಿಯ ಸರ್ಕಾರವು ಸಂದರ್ಶಕರಿಗೆ ಕೊಡುವ ಅವಧಿಯೇ ಅಷ್ಟು. ಪ್ರವಾಸಿಗಿಂತ ಹೆಚ್ಚು, ನಿವಾಸಿಗಿಂತ ಕಡಮೆಯಾದ ಈ ಸ್ಥಿತಿಯು ನೋಡುವ ಕೆಲಸಕ್ಕೆ ಬಹಳ ಅನುಕೂಲ. ಮಾಡಬೇಕಾದ ಬೇರೆ ಕೆಲಸವೇನೂ ಇರುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಹೇಳಿಕೊಟ್ಟವನಾದ ನನಗೆ ಅಲ್ಲಿಯವರ ವಾಕ್ಯಗಳು ತಿಳಿಯುತ್ತಿದ್ದುವು. ವಾಕ್ಯವನ್ನು ಆಡಿದ ಮೇಲೆ ಅವರ ಹುಬ್ಬು ಒಂದು ನೂಲಿನಷ್ಟು ಮೇಲಕ್ಕೇರುವುದಷ್ಟೆ. ಅದರ ವ್ಯಾಕರಣವನ್ನು ಯಾವ ಪಂಡಿತನೂ ಬರೆದಿಟ್ಟಿಲ್ಲ.

ನಮ್ಮ ಆಲಂಕಾರಿಕರು ಅತಿಶಯೋಕ್ತಿಯ ಭೇದಗಳನ್ನು ಎಣಿಸಿದರು. ಅದರ ವಿರುದ್ಧಕ್ಕೆ ಬೇಕಾದರೆ ನ್ಯೂನೋಕ್ತಿಯೆಂದು ಹೆಸರಿಡಬಹುದು. ಆಂಗ್ಲರ ವಿನೋದದ ಬೇರು ಇರುವುದು ಅಲ್ಲಿಯೇ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ‘ಮನೆ ಮುಳುಗಿತು’ ಎನ್ನುವೆವು. ಅವರ ಮನೆಯೇ ಮುಳುಗಿದರೆ ‘ನೆಲ ಸ್ವಲ್ಪ ತೇವವಾಗಿದೆ’ ಎನ್ನುವರು. ೧೯೮೨ರ ಜೂನ್ ೨೪ರಂದು, ಲಂಡನ್ನಿನಿಂದ ಹೊರಟು ಮುಂಬಯಿ, ಕೌಲಾಲಂಪುರಗಳ ಮಾರ್ಗವಾಗಿ ಆಕ್ಲೆಂಡಿಗೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸಿನ ವಿಮಾನವು ಜಾವಾದ ಗಲುಂಗ್‌ಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕು, ಅದರ ನಾಲ್ಕು ಎಂಜಿನ್ನುಗಳೂ ನಿಂತುಹೋದುವು. ಆಗ ಕ್ಯಾಪ್ಟನ್ ಎರಿಕ್ ಮೂಡಿಯವರು ಪ್ರಯಾಣಿಕರಿಗೆ ತಿಳಿಸಿದುದರ ಸಾರಾಂಶವಿಷ್ಟು: ನಮಗೊಂದು ಸಣ್ಣ ತೊಡಕು ಒದಗಿದೆ; ನಾಲ್ಕು ಎಂಜಿನ್ನುಗಳೂ ನಿಂತಿವೆ; ಅವನ್ನು ಮತ್ತೆ ನಡೆಸಲು ಶಕ್ತಿಮೀರಿ ಪ್ರಯತ್ನಿಸುತ್ತಿರುವೆವು; ನಿಮಗೆ ಅತಿಯಾದ ಕಳವಳವಾಗಿಲ್ಲವೆಂದು ನಂಬಿರುವೆನು. ವಿಮಾನವು ಬಹಳ ಕೆಳಗಿಳಿದ ಮೇಲೆ ಎಂಜಿನ್ನುಗಳು ಪುನಃ ಹೊತ್ತಿಕೊಂಡು, ಎಲ್ಲರೂ ಜಕಾರ್ತದಲ್ಲಿ ಕ್ಷೇಮವಾಗಿ ಇಳಿದರು. ಅವರ ದೇಶದಲ್ಲಿ ಆ ಪ್ರಕಟನೆಯನ್ನು ಈಗಲೂ ಪ್ರೀತಿಯಿಂದ ನೆನೆಯುವರು. ನಮ್ಮವರು ಆ ವಿಮಾನದಲ್ಲಿದ್ದಿದ್ದರೆ ‘ಸಣ್ಣ ತೊಡಕು’ ಎಂಬ ಮಾತಿಗೇ ಅವರ ಜೀವ ಹೋಗುತ್ತಿತ್ತೇನೋ.

ಇದು ತಮಾಷೆಯ ಮಾತು ಮಾತ್ರವಲ್ಲವೆಂಬುದನ್ನು ಅಳಿಯನು ಆಸ್ಪತ್ರೆಯಲ್ಲಿ ಕಲಿತನು. ಕುರಿ ಸಾಕುವ ಮುದುಕನೊಬ್ಬನು ತಾನೇ ಗಾಡಿ ನಡೆಸಿಕೊಂಡು ಬಂದು, ಎದೆಯಲ್ಲಿ ಒಂದಿಷ್ಟು ಹೇಗೋ ಇದೆ, ನಿಮಗೆ ತೊಂದರೆ ಕೊಟ್ಟೆನಲ್ಲಾ ಎಂದನಂತೆ. ಪರೀಕ್ಷಿಸಿದರೆ ದೊಡ್ಡ ಹೃದಯಾಘಾತ! ತಳ್ಳುಗಾಡಿಯ ಮೇಲೆ ಮಲಗಿಸಿ ಒಯ್ಯುತ್ತಿರುವಾಗಲೂ ಅವನು, ಗುರುವಾರದ ಸಂತೆಗೆ ತನ್ನನ್ನು ಬಿಡುವಿರೋ, ಇಲ್ಲವಾದರೆ ಕುರಿಗಳನ್ನು ಇಲ್ಲಿಗೇ ಕರೆಸಲೋ ಎಂದು ದಾದಿಯರನ್ನು ನಗಿಸುತ್ತಿದ್ದನು. ನಗುವವನಿಗೆ ನೋವಿಲ್ಲವೆಂದು ಬಗೆಯುವ ಹೊಸ ವೈದ್ಯನಾಗಿದ್ದರೆ ಆ ಮುದುಕನನ್ನು ಬೆಂಚಿನ ಮೇಲೆ ಕೂರಿಸಿಬಿಡುತ್ತಿದ್ದನು. “ಮಾವ, ನಮ್ಮೂರಿನಲ್ಲಿ ರೋಗಿ ಹೇಳಿದ್ದರಲ್ಲಿ ಅರ್ಧ ಕಳೆಯಬೇಕು, ಇಲ್ಲಿ ಅದನ್ನು ನಾಲ್ಕರಿಂದ ಗುಣಿಸಬೇಕು,” ಎಂದು ಅಳಿಯನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದನು.

ನೋವಿನ ಲೆಕ್ಕವನ್ನು ಕಲಿತಷ್ಟು ಬೇಗ ಅವನು ಪರಿಹಾಸದ ಲೆಕ್ಕವನ್ನು ಕಲಿಯಲಾರದೆ ಹೋದನು. ಮೊದಲ ಚಳಿಗಾಲದಲ್ಲಿ, ಹಿಮ ಬಿದ್ದು ಬಸ್ಸು ತಡವಾಗಿ, ಬೆಳಗಿನ ಎಂಟು ಗಂಟೆಯ ಸಭೆಗೆ ಹತ್ತು ನಿಮಿಷ ಕಳೆದು ಹೋದನಂತೆ. ಹಿರಿಯ ವೈದ್ಯನು ಕಾಗದದಿಂದ ತಲೆಯೆತ್ತಿ, “ಗುಡ್ ಆಫ್ಟರ್‌ನೂನ್” ಎಂದನು. ಸಭೆಯೆಲ್ಲ ನಕ್ಕಿತು. ಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಎಂದೂ ಮಾತು ಕೇಳಿಸಿಕೊಳ್ಳದೆ ಬೆಳೆದ ಹುಡುಗ ಅವನು. ಹತ್ತು ಜನರ ಮುಂದೆ ಮಾನ ಹೋಯಿತೆಂದು ಆ ದಿನ ಊಟವನ್ನೇ ಬಿಟ್ಟನು. ರಾತ್ರಿ ಕುಳಿತು, ಇನ್ನು ಮುಂದೆ ಎಂದಿಗೂ ಹೀಗಾಗದೆಂದು ಎರಡು ಪುಟದ ಕ್ಷಮಾಪಣೆಯ ಪತ್ರವನ್ನು ಬರೆದು ಕೊಟ್ಟನು. ಅದನ್ನೋದಿ ಗಾಬರಿಯಾದವನು ಆ ಹಿರಿಯನೇ. ಪತ್ರವನ್ನು ಮುಖ್ಯ ದಾದಿಗೆ ತೋರಿಸಿ, “ನಾನು ಈತನಿಗೆ ಏನು ಮಾಡಿದೆ?” ಎಂದು ಕೇಳಿದನಂತೆ. ಆಕೆ ಮಲೆಯಾಳದವಳು, ಇಪ್ಪತ್ತು ವರ್ಷ ಅಲ್ಲಿ ಕೆಲಸಮಾಡಿದವಳು. ಅಳಿಯನನ್ನು ಪಕ್ಕಕ್ಕೆ ಕರೆದು ಆಕೆ ಹೇಳಿದ ಮಾತನ್ನು ನಾನು ಮರೆತಿಲ್ಲ: “ಡಾಕ್ಟರೇ, ಇವರಿಗೆ ಯಾರ ಮೇಲೆ ನಿಜವಾಗಿ ಬೇಸರವೋ ಅವರನ್ನು ಇವರು ಹಾಸ್ಯ ಮಾಡುವುದಿಲ್ಲ. ಅವರೊಡನೆ ಬಹಳ ಮರ್ಯಾದೆಯಿಂದ, ಒಂದು ಪದವನ್ನೂ ಬಿಡದೆ ಮಾತನಾಡುತ್ತಾರೆ. ಆ ಮರ್ಯಾದೆ ನಿಮಗೆ ಸಿಕ್ಕಿದ ದಿನ ಹೆದರಿಕೊಳ್ಳಿ.”

ನಮ್ಮಲ್ಲಿ ಯಾರನ್ನು ಯಾರು ಹಾಸ್ಯ ಮಾಡಬಹುದೆಂಬುದಕ್ಕೆ ಒಂದು ಅಲಿಖಿತ ಶಾಸನವಿದೆ. ಭಾವ ಮೈದುನರು ಒಬ್ಬರನ್ನೊಬ್ಬರು ಏನೆಂದರೂ ನಡೆಯುವುದು. ಮದುವೆಯ ಮನೆಯಲ್ಲಿ ಹೆಂಗಸರು ಬೀಗಿತ್ತಿಯ ಮೂಗನ್ನೂ ನಡಿಗೆಯನ್ನೂ ಹಾಡಿನಲ್ಲಿ ಹಂಗಿಸುವರು. ಹಂಗಿಸದಿದ್ದರೆ ಮರ್ಯಾದೆ ಸಾಲದೆಂದು ಬೀಗರು ಮುನಿದುಕೊಂಡದ್ದನ್ನೂ ಕಂಡಿರುವೆನು. ಅಜ್ಜಿಯು ಮೊಮ್ಮಗನನ್ನು ‘ನನ್ನ ಗಂಡ’ ಎಂದು ಕರೆಯುವಳು. ಆದರೆ ಮಾವನೆದುರಿಗೆ ಅಳಿಯನೂ, ಅತ್ತೆಯೆದುರಿಗೆ ಸೊಸೆಯೂ, ಅಧಿಕಾರಿಯೆದುರಿಗೆ ಗುಮಾಸ್ತನೂ ನಾಲಗೆಯನ್ನು ಹಿಡಿದುಕೊಂಡಿರಬೇಕು. ಎ. ಆರ್. ರ್‍ಯಾಡ್‌ಕ್ಲಿಫ್-ಬ್ರೌನ್ ಎಂಬ ಮಾನವಶಾಸ್ತ್ರಜ್ಞನು ೧೯೪೦ರಲ್ಲಿ ಈ ಬಗೆಯ ಪರಿಹಾಸದ ಸಂಬಂಧಗಳನ್ನು ಕುರಿತು ಪ್ರಸಿದ್ಧವಾದ ಲೇಖನವೊಂದನ್ನು ಬರೆದನು. ಒಬ್ಬನಿಗೆ ಮತ್ತೊಬ್ಬನನ್ನು ಗೇಲಿ ಮಾಡುವ ಅಧಿಕಾರವನ್ನು ರೂಢಿಯೇ ಕೊಟ್ಟಿರುವುದೆಂದೂ, ಗೇಲಿಗೊಳಗಾದವನು ಮುನಿಯಕೂಡದೆಂಬುದು ಅದೇ ರೂಢಿಯ ಇನ್ನೊಂದು ಭಾಗವೆಂದೂ, ಕೆಲವೆಡೆ ಗೇಲಿಯು ಎರಡು ಕಡೆಯಿಂದಲೂ ನಡೆದರೆ ಕೆಲವೆಡೆ ಒಂದೇ ಕಡೆಯಿಂದ ನಡೆಯುವುದೆಂದೂ ಅವನು ವಿವರಿಸಿದನು. ಅವನ ಉದಾಹರಣೆಗಳಲ್ಲಿ ಬಹುಪಾಲು ಆಫ್ರಿಕದವು. ನಮ್ಮ ಯಾವ ಅಜ್ಜಿಯನ್ನು ಕೇಳಿದ್ದರೂ ಅಷ್ಟನ್ನು ಹೇಳಿಬಿಡುತ್ತಿದ್ದಳು.

ಯಾರ್ಕ್‌ಷೈರಿನ ಕೆಲಸದ ಮನೆಗಳಲ್ಲಿ ಈ ಬಂಧುತ್ವದ ಪಟ್ಟಿಯಿಲ್ಲ. ನಾವು ಮೊದಲು ಸಲಿಗೆಯನ್ನು ಸಂಪಾದಿಸಿ ಆಮೇಲೆ ಹಾಸ್ಯಕ್ಕೆ ಇಳಿಯುವೆವು; ಅವರು ಹಾಸ್ಯವನ್ನು ಎಸೆದು, ಅದರಿಂದಲೇ ಸಲಿಗೆಯನ್ನು ಹುಟ್ಟಿಸಿಕೊಳ್ಳುವರು. ಹೊಸಬನ ಕಡೆಗೆ ಒಂದು ಚೆಂಡನ್ನು ಎಸೆದಂತೆ ಅದು. ಹಿಡಿದು ಹಿಂದಕ್ಕೆಸೆದರೆ ಅವನು ಒಳಗಿನವನಾದನು. ನಮ್ಮ ಹುಡುಗರೋ ಎಸೆದ ಚೆಂಡನ್ನು ಕಲ್ಲೆಂದು ಭಾವಿಸಿ ತಲೆ ತಗ್ಗಿಸುವರು. ಇಲ್ಲವೆ, ಪ್ರಸಾದವೆಂದು ಬಗೆದು ಎರಡು ಕೈಗಳಿಂದಲೂ ಸ್ವೀಕರಿಸಿ ಸುಮ್ಮನಾಗುವರು.

ನನ್ನ ಹೆಂಡತಿಗಾದ ಅನುಭವವೇ ಬೇರೆ. ಬಸ್ಸಿನ ಚಾಲಕನು ತನ್ನನ್ನು ‘ಲವ್’ ಎಂದು ಕರೆದನೆಂದು ಆಕೆ ಮೊದಲನೆಯ ವಾರ ಬಸ್ಸು ಹತ್ತಲೊಲ್ಲದೆ ಹೋದಳು. ಅದೇ ಚಾಲಕನು ನನ್ನನ್ನೂ ಹಾಗೆಯೇ ಕರೆದಾಗ ಆ ವ್ಯಾಜ್ಯವು ಮುಗಿಯಿತು. ಎರಡನೆಯ ಪ್ರಸಂಗ ಅಷ್ಟು ಹಗುರಲ್ಲ. ಪಕ್ಕದ ಮನೆಯಲ್ಲಿ ೯೩ ವರ್ಷದ ಮುದುಕಿಯೊಬ್ಬಳು ಒಂಟಿಯಾಗಿ ವಾಸವಾಗಿದ್ದಳು. ೨೦೧೫ರಲ್ಲಿ, ನಾವು ಮೊದಲ ಸಲ ಹೋಗಿದ್ದಾಗ, ಒಂದು ದಿನ ಆಕೆಯ ಮಾತನ್ನೇ ಆಡುತ್ತಿದ್ದ ಹೊತ್ತಿಗೆ ಸರಿಯಾಗಿ ಆಕೆ ಬೇಲಿಯ ಬಳಿ ಕಾಣಿಸಿಕೊಂಡಳು. ನನ್ನ ಹೆಂಡತಿಯು ಊರಿನ ರೂಢಿಯಂತೆ, “ಈಗ ತಾನೆ ನಿಮ್ಮನ್ನು ನೆನೆದೆವು, ನಿಮಗೆ ನೂರು ವರ್ಷ ಆಯುಸ್ಸು!” ಎಂಬುದನ್ನು ತನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದಳು. ಮುದುಕಿಯು ಒಂದು ಕ್ಷಣ ಲೆಕ್ಕಹಾಕಿ, “ಹಾಗಾದರೆ ಉಳಿದದ್ದು ಏಳೇ. ಅಡುಗೆಮನೆಗೆ ಬಣ್ಣ ಹೊಡೆಸಬೇಕೆಂದಿದ್ದೆ, ಇನ್ನು ಆ ಖರ್ಚೇಕೆ?” ಎಂದು ಒಳಗೆ ಹೋದಳು.

ನನ್ನ ಹೆಂಡತಿಯ ಮುಖವು ಬಿಳಿಚಿಕೊಂಡಿತು. ಹರಸಲು ಹೋದ ಬಾಯಿಂದ ಸಾವಿನ ಗಡುವು ಹೊರಟಿತಲ್ಲಾ ಎಂದು ಆಕೆಗೆ ನಡುಕ. ನಾನೂ ಮಗಳೂ ಎಷ್ಟು ಹೇಳಿದರೂ ಕೇಳದೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಎರಡು ದಿನ ಹಿತ್ತಿಲಿಗೆ ಕಾಲಿಡಲಿಲ್ಲ. ಸಾವಿನ ಮಾತನ್ನು ವಿನೋದಕ್ಕೂ ಎತ್ತಬಾರದೆಂದು ನಾವು ಬೆಳೆದವರು; ಹೊಸಲು ದಾಟುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ಜನ. ಆ ಮುದುಕಿಗೆ ತನ್ನ ಸಾವು ಮನೆಯಲ್ಲಿ ಸಾಕಿದ ಹಳೆಯ ಬೆಕ್ಕಿನಂತೆ. ಹೋಗುತ್ತ ಬರುತ್ತ ಬೈಯುವುದಕ್ಕೊಂದು ಜೊತೆ. ಮೂರನೆಯ ದಿನ ಆಕೆಯೇ ತನ್ನ ತೋಟದ ರೂಬಾರ್ಬ್ ದಂಟುಗಳ ಒಂದು ಕಟ್ಟನ್ನು ಹಿಡಿದು ಬಾಗಿಲಿಗೆ ಬಂದಳು. ಯಾರ್ಕ್‌ಷೈರಿನ ರೂಬಾರ್ಬ್ ಹೆಸರಾದದ್ದು. “ನಿಮ್ಮ ತಾಯಿ ನನ್ನ ಮೇಲೆ ಕೋಪಿಸಿಕೊಂಡಿರುವರೇನು? ಏಳೇ ವರ್ಷವಿರುವಾಗ ಅದಕ್ಕೆ ಸಮಯವೆಲ್ಲಿ?” ಎಂದು ಮಗಳನ್ನು ಕೇಳಿದಳು. ಆ ಹುಳಿದಂಟಿನಿಂದ ನನ್ನ ಹೆಂಡತಿಯು ಗೊಜ್ಜು ಮಾಡಿ ಕಳಿಸಿದಳು. ಹುಣಿಸೆಹಣ್ಣಿನ ಗೊಜ್ಜಿಗೆ ಅದು ಸಮವಾಗದು, ಆದರೂ ಚೆನ್ನಾಗಿತ್ತು.

೨೦೧೭ರಲ್ಲಿ ಮತ್ತೆ ಹೋದಾಗ ಮುದುಕಿಯು ಬೇಲಿಯ ಆಚೆಯಿಂದ ಐದು ಬೆರಳುಗಳನ್ನು ತೋರಿಸಿದಳು. ನನ್ನ ಹೆಂಡತಿಯು ತನ್ನ ಹರಕೆಯನ್ನು ನೂರ ಇಪ್ಪತ್ತಕ್ಕೆ ತಿದ್ದಿದಳು. ೨೦೧೯ರಲ್ಲಿ ನಾವು ಅಲ್ಲಿದ್ದಾಗಲೇ ಆಕೆ ತೀರಿಕೊಂಡಳು. ಇಗರ್ಜಿಯಲ್ಲಿ ಶವಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಆಕೆಯ ಮಗನು, ಅವನಿಗೂ ಎಪ್ಪತ್ತು ದಾಟಿತ್ತು, ಈ ಏಳು ವರ್ಷದ ಕಥೆಯನ್ನು ಹೇಳಿ, ತನ್ನ ತಾಯಿ ಇನ್ನೂ ಮೂರು ವರ್ಷದ ಬಾಕಿಯನ್ನು ಪಕ್ಕದ ಮನೆಯವರಿಗೆ ಉಳಿಸಿ ಹೋದಳೆಂದನು. ಇಗರ್ಜಿಯೆಲ್ಲ ನಕ್ಕು ನಮ್ಮ ಕಡೆಗೆ ತಿರುಗಿತು. “ಹೆಣದ ಮುಂದೆ ನಗುತ್ತಾರೆಯೇ?” ಎಂದು ನನ್ನ ಹೆಂಡತಿಯು ಪಿಸುಗುಟ್ಟಿ ಸೆರಗನ್ನು ಬಾಯಿಗೊತ್ತಿಕೊಂಡಳು. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡು, ಆ ಹೊತ್ತೆಲ್ಲ ಯಾರೊಡನೆಯೂ ಮಾತನಾಡಲಿಲ್ಲ. ಈ ಕಥೆಯನ್ನು ಆಕೆ ಇಂದಿಗೂ ತಾನಾಗಿ ಯಾರಿಗೂ ಹೇಳುವುದಿಲ್ಲ.

ಎಂಟು ದಿನಕ್ಕೆ ಹೋಗಿಬರುವ ಪ್ರವಾಸಿಗಳ ವಿಷಯ ಇಷ್ಟು ಚಿಂತೆಗೆ ಕಾರಣವಲ್ಲ. ಮಾರ್ಗದರ್ಶಕನು ನಕ್ಕಾಗ ಅವರೂ ನಕ್ಕು, ಮುಂದಿನ ಅರಮನೆಗೆ ನಡೆಯುವರು. ಅಮೆರಿಕದ ಮಾಜಿ ಅಧ್ಯಕ್ಷರಾದ ಜಿಮ್ಮಿ ಕಾರ್ಟರರು ಜಪಾನಿನಲ್ಲಿ ಭಾಷಣ ಮಾಡುವಾಗ ಒಂದು ಸಣ್ಣ ಹಾಸ್ಯಕಥೆಯನ್ನು ಹೇಳಿದರಂತೆ. ದ್ವಿಭಾಷಿಯು ಅದನ್ನು ಬಹು ಬೇಗ ಅನುವಾದಿಸಿದನು. ಸಭೆಯು ಬಿದ್ದು ಬಿದ್ದು ನಕ್ಕಿತು. ಆಮೇಲೆ ಹೇಗೆ ಅನುವಾದಿಸಿದೆಯೆಂದು ಒತ್ತಾಯಮಾಡಿ ಕೇಳಿದುದಕ್ಕೆ ಅವನು, “ಕಾರ್ಟರ್ ಸಾಹೇಬರು ಹಾಸ್ಯದ ಕಥೆ ಹೇಳಿದರು, ಎಲ್ಲರೂ ನಗಬೇಕು ಎಂದೆ” ಎಂದನಂತೆ. ಇದನ್ನು ಕಾರ್ಟರರೇ ಹಲವೆಡೆ ಹೇಳಿಕೊಂಡಿರುವರು. ಹಾಸ್ಯದ ಅನುವಾದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಮಾರ್ಗವು ನನಗಂತೂ ಕಾಣದು. ನಮ್ಮ ಟಿ. ಪಿ. ಕೈಲಾಸಂ (೧೮೮೪–೧೯೪೬) ಅವರು ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದವರು. ಅವರ ನಾಟಕದ ಪಾತ್ರಗಳ ಮಾತಿನಲ್ಲಿ ಇಂಗ್ಲಿಷ್ ಮಾತು ಧಾರಾಳವಾಗಿ ಬೆರೆತಿರುವುದು. ಆದರೂ ಒಂದು ಸಾಲನ್ನು ಕೂಡ ಇಂಗ್ಲೆಂಡಿನವರಿಗೆ ವಿವರಿಸಿ ನಗಿಸಲಾಗದು. ಆ ಇಂಗ್ಲಿಷು ನಮ್ಮ ಬೆಂಗಳೂರು ಮೈಸೂರುಗಳ ನೀರು ಕುಡಿದದ್ದು.

ನೆಲೆಸಿದವನ ಪಾಡು ಹಾಗಲ್ಲ. ಅವನು ನಾಳೆಯೂ ಅದೇ ಕೋಣೆಗೆ ಹೋಗಬೇಕು. ಅಳಿಯನ ಹೆಸರು ಇಬ್ಬರು ದೇವರನ್ನು ಒಂದುಗೂಡಿಸಿದ್ದು: ನಮ್ಮ ಲಿಪಿಯಲ್ಲಿ ಏಳು ಅಕ್ಷರ, ಅವರ ಲಿಪಿಯಲ್ಲಿ ಹದಿನೆಂಟು. ಸಹವೈದ್ಯನೊಬ್ಬನು ಮೊದಲ ವರ್ಷವೇ ಅವನಿಗೆ ‘ಡಾಕ್ಟರ್ ಆಲ್ಫಬೆಟ್’ ಎಂದು ಹೆಸರಿಟ್ಟನು. ಅಂದರೆ ಅಕ್ಷರಮಾಲೆಯ ವೈದ್ಯ. ‘ಗುಡ್ ಆಫ್ಟರ್‌ನೂನ್’ ಪ್ರಸಂಗದಿಂದ ಪಾಠ ಕಲಿತಿದ್ದ ಅಳಿಯನು ಇದೂ ಸ್ನೇಹದ ಚೆಂಡೇ ಇರಬೇಕೆಂದು ನಕ್ಕನು. ಆಮೇಲೆ ಸಾಂಬಾರಿನ ವಾಸನೆಯ ಮೇಲೊಂದು ಮಾತು, ತಲೆಯಾಡಿಸುವ ರೀತಿಯ ಮೇಲೊಂದು ಅಣಕ. ಅದಕ್ಕೂ ನಕ್ಕನು. ವರ್ಷಗಳು ಕಳೆದುವು. ನನ್ನ ಮಗಳಿಗೆ ಇದು ಸಹಿಸಲಿಲ್ಲ. “ನೀವು ನಕ್ಕ ಪ್ರತಿಯೊಂದು ನಗೆಯೂ ಅವನ ಕೈಯಲ್ಲಿ ರಸೀದಿ,” ಎಂದು ಒಂದು ರಾತ್ರಿ ಗಂಡನಿಗೆ ಕಟುವಾಗಿ ಹೇಳಿದಳು.

ಆ ಮಾತು ೨೦೨೨ರಲ್ಲಿ, ನಮ್ಮ ನಾಲ್ಕನೆಯ ಪ್ರಯಾಣದ ಕಾಲದಲ್ಲಿ ನಡೆದುದು. ಅದರ ಹಿಂದಿನ ವರ್ಷದ ಒಂದು ಸಂಗತಿಯನ್ನು ಆ ಸೀಮೆಯವರು ಆಗಲೂ ಮನೆಮನೆಯಲ್ಲಿ ಚರ್ಚಿಸುತ್ತಿದ್ದರು. ಅಝೀಮ್ ರಫೀಕ್ ಎಂಬವರು ಕರಾಚಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಇಂಗ್ಲೆಂಡಿಗೆ ಬಂದು, ಯಾರ್ಕ್‌ಷೈರ್ ಕ್ರಿಕೆಟ್ ತಂಡದಲ್ಲಿ ಆಡಿದವರು. ತಮ್ಮ ಜನಾಂಗವನ್ನು ಹೀನೈಸುವ ಮಾತುಗಳನ್ನು ಸಹ ಆಟಗಾರರಿಂದ ಕೇಳಬೇಕಾಯಿತೆಂದು ೨೦೨೧ರ ನವೆಂಬರ್ ೧೬ರಂದು ಅಲ್ಲಿಯ ಪಾರ್ಲಿಮೆಂಟಿನ ಸಮಿತಿಯ ಮುಂದೆ ಅವರು ಕಣ್ಣೀರಿಡುತ್ತ ಹೇಳಿದರು. ಅಂಥ ಒಂದು ಮಾತನ್ನು ಸ್ನೇಹದ ‘ಬ್ಯಾಂಟರ್’, ಅಂದರೆ ಗೆಳೆಯರ ಚೇಷ್ಟೆ, ಎಂದು ಕ್ಲಬ್ಬಿನ ವಿಚಾರಣೆಯ ವರದಿಯು ಬಗೆದಿತ್ತೆಂಬುದು ಬಯಲಾದಾಗ ದೇಶವೇ ಕೆರಳಿತು. ೨೦೨೩ರಲ್ಲಿ ಕ್ಲಬ್ಬಿಗೆ ೪ ಲಕ್ಷ ಪೌಂಡುಗಳ ದಂಡವನ್ನು ವಿಧಿಸಿ, ಅದರಲ್ಲಿ ೩ ಲಕ್ಷವನ್ನು ಅಮಾನತಿನಲ್ಲಿಟ್ಟರು. ರಫೀಕರು ಕೂಡ ತಾವು ಹಿಂದೆ ಬರೆದಿದ್ದ, ಯೆಹೂದ್ಯರನ್ನು ನಿಂದಿಸುವ ಸಂದೇಶಗಳಿಗಾಗಿ ಅದೇ ನವೆಂಬರಿನಲ್ಲಿ ಕ್ಷಮೆ ಕೇಳಬೇಕಾಯಿತೆಂಬುದನ್ನೂ ಹೇಳಿಬಿಡುವುದು ನ್ಯಾಯ. ಬ್ರಿಟನ್ನಿನ ೨೦೧೦ರ ಸಮಾನತೆಯ ಕಾನೂನು, ಮಾತನಾಡಿದವನ ಉದ್ದೇಶವನ್ನಷ್ಟೇ ನೋಡದೆ, ಕೇಳಿದವನ ಮಾನಕ್ಕೆ ಆದ ಪರಿಣಾಮವನ್ನೂ ತೂಗಿ ನೋಡುವುದು. ಹಾಸ್ಯಕ್ಕೆ ಹೇಳಿದೆನೆಂಬ ಮಾತ್ರದಿಂದ ಬಿಡುಗಡೆಯಿಲ್ಲ. ಕಾನೂನಿಗೆ ನನ್ನ ನಮಸ್ಕಾರ. ಆದರೆ ಚಹಾ ಕುಡಿಯುವ ಕೋಣೆಯಲ್ಲಿ ಆ ಒಂದು ಕ್ಷಣಕ್ಕೆ ಕಾನೂನು ಬಂದು ಪಕ್ಕದಲ್ಲಿ ನಿಲ್ಲುವುದಿಲ್ಲ; ಇದು ಚೆಂಡೋ ಕಲ್ಲೋ ಎಂದು ಆಗ ಒಬ್ಬನೇ ನಿರ್ಧರಿಸಬೇಕು. ತಪ್ಪು ತಿಳಿದರೆ ‘ನಗಲು ಬಾರದವನು’. ಸರಿಯಾಗಿ ತಿಳಿದು ಸುಮ್ಮನಿದ್ದರೆ ‘ಅವನಿಗೇನೂ ಬೇಸರವಿಲ್ಲ.’

“ಮಾವ, ನೀವೇ ಹೇಳಿ,” ಎಂದು ಅಳಿಯನು ಆ ರಾತ್ರಿ ನನ್ನ ಕಡೆಗೆ ತಿರುಗಿದನು. ಮಾವನಿಗೂ ಅಳಿಯನಿಗೂ ಹಾಸ್ಯದ ಸಂಬಂಧವಿಲ್ಲವಾದುದರಿಂದ ನಾನು ಗಂಭೀರವಾಗಿಯೇ ಉತ್ತರಿಸಿದೆನು. ನನಗೆ ಆಗ ನೆನಪಾದದ್ದು ಬಿ. ಬಿ. ಸಿ.ಯಲ್ಲಿ ೧೯೯೮ರಿಂದ ಪ್ರಸಾರವಾದ ‘ಗುಡ್‌ನೆಸ್ ಗ್ರೇಷಸ್ ಮಿ’ ಎಂಬ ಹಾಸ್ಯ ಕಾರ್ಯಕ್ರಮ. ಕುಡಿದ ಆಂಗ್ಲ ತರುಣರು ನಮ್ಮವರ ಹೋಟೆಲುಗಳಿಗೆ ನುಗ್ಗಿ, ಅತಿ ಖಾರದ್ದನ್ನೇ ತಾ ಎಂದು ಗದ್ದಲಮಾಡುವುದು ಅಲ್ಲಿ ಹಳೆಯ ವಾಡಿಕೆ. ಅಲ್ಲಿಯೇ ಬೆಳೆದ ನಮ್ಮ ಮಕ್ಕಳು ಅದನ್ನು ತಲೆಕೆಳಗು ಮಾಡಿದರು: ಬೊಂಬಾಯಿಯ ತರುಣರು ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ಅತಿ ಸಪ್ಪೆಯಾದದ್ದನ್ನೇ ತಾ ಎಂದು ಮಾಣಿಯನ್ನು ಪೀಡಿಸುವರು. ಅದನ್ನು ಕಂಡು ಆಂಗ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಒಂದು ಸಲ ಹಿಂದಕ್ಕೆಸೆದು ನೋಡು,” ಎಂದೆನು. “ಭಾವ ಮೈದುನರ ಗೇಲಿಯಾದರೆ ಅವನು ನಗುತ್ತಾನೆ. ಒಮ್ಮುಖದ ಗೇಲಿಯಾದರೆ ಅವನ ಮುಖವೇ ಹೇಳುತ್ತದೆ.”

ಅಳಿಯನಿಗೆ ಅದು ಸುಲಭವಾಗಿರಲಿಲ್ಲ. ಮೂರು ವಾರ ಮನಸ್ಸಿನಲ್ಲಿಯೇ ವಾಕ್ಯವನ್ನು ಕಟ್ಟಿ ಕೆಡಹಿದನೆಂದು ಮಗಳು ಹೇಳಿದಳು. ಕೊನೆಗೊಂದು ದಿನ ಚಹಾದ ವೇಳೆಯಲ್ಲಿ ಆ ಸಹವೈದ್ಯನು ಅಕ್ಷರಮಾಲೆಯ ಮಾತನ್ನೆತ್ತಲು, ಅಳಿಯನು, “ನಿಮ್ಮ ಹೆಸರಿಗೆ ಮೂರೇ ಅಕ್ಷರ. ನಿಮ್ಮ ತಂದೆತಾಯಿಗಳಿಗೆ ಅಷ್ಟರಲ್ಲಿಯೇ ದಾಸ್ತಾನು ಮುಗಿಯಿತೇನು? ಬೇಕಾದರೆ ನನ್ನದರಲ್ಲಿ ನಾಲ್ಕನ್ನು ಸಾಲ ಕೊಡುತ್ತೇನೆ,” ಎಂದನು. ಕೋಣೆಯಲ್ಲಿ ಆರು ಮಂದಿಯಿದ್ದರಂತೆ. ಹಿರಿಯ ವೈದ್ಯನು ಚಹಾ ನೆತ್ತಿಗೇರಿ ಕೆಮ್ಮುವಷ್ಟು ನಕ್ಕನು. ಮಲೆಯಾಳದ ದಾದಿಯು ಮೇಜನ್ನು ತಟ್ಟಿದಳು. ಉಳಿದವರೂ ನಕ್ಕರು. ಸಾಲ ಪಡೆಯಬೇಕಾಗಿದ್ದವನು ಮಾತ್ರ ಬಟ್ಟಲನ್ನು ಮೇಜಿನ ಮೇಲಿಟ್ಟು ಹೊರಕ್ಕೆ ಹೋದನು.

ಮರುದಿನದಿಂದ ಆತನು ಅಳಿಯನನ್ನು ಪೂರ್ಣ ಹೆಸರಿನಿಂದ, ಹದಿನೆಂಟು ಅಕ್ಷರಗಳಲ್ಲಿ ಒಂದನ್ನೂ ಬಿಡದೆ, ಬಹಳ ಮರ್ಯಾದೆಯಿಂದ ಕರೆಯುತ್ತಿರುವನಂತೆ.